ಹಿನ್ನೀರಿನ್ಯಾಗ ರಾತ್ರಿ ದೋಣಿ, ಮತ್ತ ಕಾಕಾನ ಫೋಕಸ್ ಲೈಟು

ಆಲಮಟ್ಟಿ ಹಿನ್ನೀರಿನ್ಯಾಗ ರಾತ್ರಿ ಮೀನಿನ ಬಲಿ ಹಾಕಾಕ ಹೋಗೋರು ದೋಣಿಗೆ ಲೈಟ್ ಅಂದಕೂಡ್ಲೇ ಕೇಳೂದು ಫೋಕಸ್ ಲೈಟು. ನಮ್ಮ ಕಾಕಾನೂ ಅದನ್ನ ಕೇಳಿದ್ರು. ಸಣ್ಣ ಫೈಬರ್ ದೋಣಿ, ಹಿಂದ ಒಂದು ಮೋಟರ್, "ತಮ್ಮಾ, ಕಬ್ಬಿನ ಟ್ರ್ಯಾಕ್ಟರಿಗೆ ಹಾಕಿರ್ತಾರಲ್ಲ, ಅಂಥಾವು ಎರಡು ಮೂತಿಗೆ ಬಡದುಬಿಡು, ಝಗ್ ಅಂತ ಕಾಣಬೇಕು" ಅಂದ್ರು.

ನಾ ಬ್ಯಾಡ್ರಿ ಅಂದ್ನಿ. ಕತ್ತಲಿಗೆ ನಮ್ಮ ಕಣ್ಣು ಪೂರಾ ಹೊಂದಾಕ 20-30 ನಿಮಿಷ ಬೇಕು, ಮೂತಿಗೆ ಫೋಕಸ್ ಹಚ್ಚಿದ್ರ ಬಿಳಿ ಫೈಬರ್ ಅಂಚು, ನೀರು ಎಲ್ಲಾ ಹೊಳದು ಅದ ಬೆಳಕು ವಾಪಸ್ ಮುಖಕ್ಕ ಬಡೀತೈತಿ, ಆ ಬೆಳಕಿನಾಚಿ ಏನೈತಿ ಅನ್ನೂದು ದೇವ್ರಿಗೇ ಗೊತ್ತು. ಮಳಿ ಶುರು ಆದ್ಮ್ಯಾಗಂತೂ ಹುಳ ಬಂದು ಬಾಯಾಗ ಮೂಗಿನ್ಯಾಗ. ಅದಕ್ಕಿಂತ ದೊಡ್ಡ ತ್ರಾಸು ಎದುರಿನವಂದು, ಅವಂಗ ಬರೇ ಒಂದು ಬೆಳಕು ಕಾಣತೈತಿ, ಈ ದೋಣಿ ನಿಂತೈತೋ ಬರಾಕತ್ತೈತೋ ಯಾವ ಕಡೆ ತಿರುಗೈತೋ ಒಂದೂ ತಿಳಿಯಂಗಿಲ್ಲ. ಬಣ್ಣದ ಲೈಟ್ ಇರೂದ ಅದನ್ನ ಹೇಳಾಕ.

ಸಮುದ್ರದಾಗ ಹಡಗು ದೋಣಿ ಒಂದಕ್ಕೊಂದು ಬಡೀಬಾರದು ಅಂತ ಮಾಡಿದ 1972ರ ಅಂತರರಾಷ್ಟ್ರೀಯ ನಿಯಮದಾಗ ಎಡಕ್ಕ ಕೆಂಪು, ಬಲಕ್ಕ ಹಸಿರು, ಎರಡೂ ನೇರ ಮುಂದಿನಿಂದ ಹಿಡದು ಒಂದೊಂದು 112.5 ಡಿಗ್ರಿ ಕಾಣಬೇಕು. 12 ಮೀಟರಿಗಿಂತ ಸಣ್ಣ ಮೋಟರ್ ದೋಣಿಗೆ ಇವೆರಡರ ಜೋಡಿ ಸುತ್ತಲೂ ಕಾಣೂ ಒಂದು ಬಿಳಿ ಲೈಟ್ ಇದ್ರ ಸಾಕು. ಸಮುದ್ರದ ನಿಯಮ ನಮಗ್ಯಾಕ ಅನಬ್ಯಾಡ್ರಿ. ಎದುರಿನ ದೋಣಿದು ಕೆಂಪು ಹಸಿರು ಎರಡೂ ಕಂಡ್ರ ಸೀದಾ ನಿಮ್ಮ ಮ್ಯಾಲ ಬರಾಕತ್ತಾನ, ಇಬ್ರೂ ಬಲಕ್ಕ ಸರೀಬೇಕು. ಬಲಗಡೆಯಿಂದ ಅಡ್ಡ ಬರಾವಂದು ಕೆಂಪು ಕಂಡ್ರ ದಾರಿ ಬಿಡೂದು ನಿಮ್ಮ ಕೆಲಸ. ಕತ್ತಲಾಗ ಕೂಗಿ ಕೇಳೂದಕ್ಕಿಂತ ಇದು ಚಲೋ ಅಲ್ಲೇನ್ರಿ?

ಕೆಂಪು ಹಸಿರು ಒಂದ ಡಬ್ಬಿಯಾಗ ಇರೂ ಎಲ್‌ಇಡಿ ಸಿಗತೈತಿ, ಸಣ್ಣ ದೋಣಿಗೆ ಅದ ಬೆಸ್ಟ್. ಕೆಂಪು ಹಸಿರು 1 ನಾಟಿಕಲ್ ಮೈಲು (ಸಮುದ್ರದ ಮೈಲು, ಸುಮಾರು 1.85 ಕಿ.ಮೀ.), ಬಿಳಿ ಅಂಥಾವು 2 ಮೈಲು ದೂರ ಕಾಣತೈತಿ ಅಂತ ಬರದಿರೂದನ್ನ ತಗೋರಿ. ಹಳೇ ಬಲ್ಬಿನ ಡಬ್ಬಿಗೆ ಬಿಳಿ ಎಲ್‌ಇಡಿ ತುರುಕಬ್ಯಾಡ್ರಿ, ಬಣ್ಣ ಕೆಡತೈತಿ, ಹಸಿರು ನೀಲಿ ಹೊಡೀತೈತಿ. ಎಲ್‌ಇಡಿ ಎಲ್ಲಾ ಕೂಡಿ 5 ವ್ಯಾಟ್ ಹಿಡೀರಿ, 12 ವೋಲ್ಟ್ 7 ಎಎಚ್ ಬ್ಯಾಟ್ರಿಯಾಗ ರಾತ್ರಿಯೆಲ್ಲಾ ಉರೀತೈತಿ.

ಕೂಡಸೂದ್ರಾಗ ಖರೇ ಕೆಲಸ ಐತಿ. ಮೂತಿ ನಡುವಿನಿಂದ ಹಿಂದಿನ ನಡುವಿಗೆ ದಾರ ಎಳದು, ಕೆಂಪು ಹಸಿರು ಕೂಡೂ ಗೆರಿ ಆ ದಾರದ ಮ್ಯಾಲ ಬರೂವಂಗ ಡಬ್ಬಿ ಇಟ್ಟೆ. ಆಮ್ಯಾಲ ಸಂಜಿಕ್ಕ ದೋಣಿ ದಂಡಿಗೆ ಎಳದು, ಲೈಟ್ ಹಚ್ಚಿ, ದೂರ ಹೋಗಿ ಎದುರಿಗೆ ನಿಂತು ನೋಡಿದ್ವಿ. ನಟ್ಟನಡುವ ನಿಂತ್ರ ಎರಡೂ ಬಣ್ಣ ಕಾಣಬೇಕು, ಪಕ್ಕಕ್ಕ ಸರದ್ರ ಒಂದು ಮಾಯ ಆಗಬೇಕು. ಮೋಟರ್ ಓಡ್ವಾಗ ಮೂತಿ ಮ್ಯಾಲೇಳತೈತಿ ಅನ್ನೂದೂ ಲೆಕ್ಕದಾಗ ಇರ್ಲಿ, ದಂಡಿ ಮ್ಯಾಲ ಸಪಾಟ ಕಂಡಿದ್ದು ನೀರಾಗ ಆಕಾಶ ನೋಡ್ತಿರ್ತೈತಿ.

ಬಿಳಿ ಲೈಟ್ ಹಿಂದ ಪೈಪಿನ ಮ್ಯಾಲ. ಮುಂದಿನ ಬಣ್ಣದ ಲೈಟಿಗಿಂತ ಕಡಿಮಿ ಅಂದ್ರೂ 1 ಮೀಟರ್ ಮ್ಯಾಲ ಇರಬೇಕು, ಕುಂತವರ ತಲಿ ಅಡ್ಡ ಬರಬಾರದು. ಅದರ ಕೆಳಗ ಕಪ್ಪು ಬಳದ ಒಂದು ತಗಡಿನ ತಟ್ಟಿ ಹಾಕೀನಿ, ಹೊಳಪಿಲ್ಲದ ಕಪ್ಪು, ಬೆಳಕು ದೋಣಿಯೊಳಗ ಬೀಳಬಾರದು ಅಂತ. ಪೈಪ್ ಕಿತ್ತಿಡೂವಂಗ ಇರ್ಲಿ, ಬಲಿ ಎಳ್ಯಾಗ ಸಿಗಿಬೀಳತೈತಿ. ಫ್ಯೂಜು ಬ್ಯಾಟ್ರಿ ಪ್ಲಸ್ಸಿನ ಹತ್ರನ ಇರಬೇಕು, ವಾಯರ್ ತಿರುವಿ ಟೇಪ್ ಸುತ್ತಿದ್ರ ಒಂದು ಮಳಿಗಾಲಕ್ಕ ತಾಮ್ರ ಹಸಿರು ಕಿಲುಬು ಹಿಡೀತೈತಿ.

"ನೀರು ಇಳದಾಗ ಮುಳುಗಿದ ಜಾಲಿ ಬಡ್ಡಿ, ಹಳೇ ಗ್ವಾಡಿ ಮ್ಯಾಲ ಬರ್ತಾವ, ಅವು ಕಾಣೂದು ಬ್ಯಾಡೇನೋ?" ಅಂದ್ರು ಕಾಕಾ. ಆ ಮಾತು ಖರೇ. ಅದಕ್ಕ ಕೈಯಾಗ ಹಿಡಿಯೂ ಚಲೋ ಟಾರ್ಚ್, ಮೂತಿಯಾಗ ಕುಂತಾವ ಬೇಕಾದಾಗ ಅಷ್ಟ ಹಚ್ಚಬೇಕು, ಯಾರ ಮುಖಕ್ಕೂ ಬಿಡಬಾರದು. ಕಾಕಾ ಇನ್ನೂ ಪೂರಾ ಒಪ್ಪಿಲ್ಲ ಬಿಡ್ರಿ.

ಹರಿಗೋಲಿನವ್ರಿಗೆ ಇದೆಲ್ಲಾ ಬೇಕಾಗಿಲ್ಲ, ಹುಟ್ಟು ಹಾಕೂ ದೋಣಿಗೆ ಹೊತ್ತಿಗೆ ಸರಿಯಾಗಿ ತೋರಿಸೂ ಒಂದು ಬಿಳಿ ಟಾರ್ಚ್ ಸಾಕು ಅಂತ ನಿಯಮದಾಗೂ ಐತಿ. ಆದ್ರ ಅದು ಚೀಲದ ತಳಕ್ಕಲ್ಲ, ಕೈಗೆ ಸಿಗೂವಲ್ಲಿ ಇರಬೇಕ್ರಿ.