ಮಂಡಿ ಹೋದ ಮೇಲೆ ಏನು ಮಾಡ್ತೀರಿ?

ನಾನು ಕಾಂಟೆಂಪರರಿ ಡಾನ್ಸ್ ಕಲಿಸುತ್ತೇನೆ ಅಂದ ತಕ್ಷಣ ಈ ಪ್ರಶ್ನೆ ಬರುತ್ತದೆ. ಮದುವೆ ಮನೆಯಲ್ಲಿ ಕೇಳುತ್ತಾರೆ, ಮಗಳನ್ನು ಕ್ಲಾಸಿಗೆ ಸೇರಿಸಲು ಬಂದ ಅಪ್ಪ ಅಮ್ಮನೂ ಕೇಳುತ್ತಾರೆ. ಕಾಳಜಿಯಿಂದಲೇ ಕೇಳುವುದು. ನನ್ನ ಉತ್ತರ ಒಂದೇ ಹೆಸರು, ಮರ್ಸ್ ಕನಿಂಗ್‌ಹ್ಯಾಮ್.

ಅಮೆರಿಕದ ಡಾನ್ಸರ್, ನೃತ್ಯ ಸಂಯೋಜಕರು, 1919ರಲ್ಲಿ ಹುಟ್ಟಿದವರು. ಆಧುನಿಕ ನೃತ್ಯದ ದೊಡ್ಡ ಹೆಸರಾದ ಮಾರ್ಥಾ ಗ್ರಹಾಂ ತಂಡದಲ್ಲಿ ಕುಣಿದು, 1953ರಲ್ಲಿ ಸ್ವಂತ ತಂಡ ಕಟ್ಟಿದರು. ಅವರ ಡಾನ್ಸೂ ಸಂಗೀತ ಸಂಯೋಜಕ ಜಾನ್ ಕೇಜ್ ಮಾಡಿದ ಸಂಗೀತವೂ ಬೇರೆ ಬೇರೆಯಾಗಿ ತಯಾರಾಗುತ್ತಿದ್ದವು, ಎಷ್ಟೋ ಸಲ ಎರಡೂ ಸೇರುತ್ತಿದ್ದದ್ದು ವೇದಿಕೆಯ ಮೇಲೆಯೇ. 1964ರಲ್ಲಿ ತಂಡ ಭಾರತಕ್ಕೂ ಬಂದಿತ್ತು.

ಆದರೆ ನಾನು ಜನರಿಗೆ ಹೇಳುವುದು ಅವರ 55ರ ನಂತರದ ಕಥೆ. ಆ ವಯಸ್ಸಿನಲ್ಲಿ ಅವರು ಕ್ಯಾಮೆರಾ ಕಲಿಯಲು ಕೂತರು, ತಮ್ಮ ತಂಡದಲ್ಲೇ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಅಟ್ಲಾಸ್ ಜೊತೆ. ನಾವು ವಾರ್ಷಿಕೋತ್ಸವ ಶೂಟ್ ಮಾಡುವ ಹಾಗೆ ಎದುರಿಗೆ ಸುಮ್ನೆ ಒಂದು ಸ್ಟ್ಯಾಂಡ್ ನಿಲ್ಲಿಸಿ ಬಿಡಲಿಲ್ಲ. ಕ್ಯಾಮೆರಾ ನೋಡುವ ಜಾಗ ಮುಂದೆ ಕಿರಿದು, ಹಿಂದೆ ಹೋದಷ್ಟೂ ಅಗಲ, ಅಲ್ವಾ? ಹತ್ತಿರ ಬಂದವರು ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಫ್ರೇಮಿನಿಂದಲೇ ಮಾಯ, ಆದರೆ ಕತ್ತಿನ ಸಣ್ಣ ತಿರುವು ಪರದೆ ತುಂಬಾ ಕಾಣುತ್ತದೆ. ಅದಕ್ಕೇ ಅವರು ಹೆಜ್ಜೆಗಳನ್ನೇ ಕ್ಯಾಮೆರಾಗೆ ಅಂತ ಕಟ್ಟಿದರು. 1986ರ 'ಪಾಯಿಂಟ್ಸ್ ಇನ್ ಸ್ಪೇಸ್' ಮೊದಲು ಫಿಲ್ಮ್ ಆಯಿತು, ವೇದಿಕೆಗೆ ಬಂದದ್ದು ಆಮೇಲೆ.

ವಯಸ್ಸು 70 ಆಗುವ ಹೊತ್ತಿಗೆ ಸಂಧಿವಾತ ಜಾಸ್ತಿಯಾಗಿ, ಹೆಜ್ಜೆ ಮಾಡಿ ತೋರಿಸುವುದೇ ಕಷ್ಟವಾಯಿತು. ಆಗ ಅವರು ಕಂಪ್ಯೂಟರ್ ಮುಂದೆ ಕೂತರು. ಲೈಫ್‌ಫಾರ್ಮ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಪುಟ್ಟ ಗೊಂಬೆಯ ಕೈ, ಕಾಲು, ಬೆನ್ನು ಒಂದೊಂದನ್ನೇ ತಿರುಗಿಸಿ ಚಲನೆ ಹುಡುಕಿದರು, ಅದನ್ನು ಡಾನ್ಸರ್‌ಗಳ ಮೈಗೆ ತಂದರು. ಮೈ ಒಪ್ಪದ ಎಷ್ಟೋ ಜೋಡಣೆಗಳು ಅಲ್ಲಿ ಸಿಕ್ಕವು. ಅವರ 1991ರ 'ಟ್ರ್ಯಾಕರ್ಸ್' ಹುಟ್ಟಿದ್ದು ಹೀಗೆ. ನನಗೆ ಇದು ಈಗಲೂ ಮೈ ಜುಂ ಅನ್ನಿಸುವ ವಿಷಯ, ಯಾಕೆಂದರೆ ನೋವು ಬಂದ ಮೇಲೆ ಅವರ ಡಾನ್ಸ್ ಸುಲಭವಾಗಲಿಲ್ಲ, ಇನ್ನೂ ಕಷ್ಟದ್ದಾಯಿತು.

2009ರ ಏಪ್ರಿಲ್ 16, ಅವರ 90ನೇ ಹುಟ್ಟುಹಬ್ಬ. ಅವತ್ತು ಅವರ ಹೊಸ ಕೃತಿಯ ಮೊದಲ ಪ್ರದರ್ಶನ ಇತ್ತು. ಜುಲೈನಲ್ಲಿ ತೀರಿಕೊಂಡರು.

ಕೊನೆಯ ದಿನಗಳಲ್ಲೂ ಸೋಮವಾರ ತಂಡಕ್ಕೆ ಪಾಠ ಹೇಳುತ್ತಿದ್ದರು. ಅದರ ವಿಡಿಯೊಗಳನ್ನು ಇಂಟರ್‌ನೆಟ್‌ಗೆ ಹಾಕಿದ್ದಾರೆ. ಪ್ರಶ್ನೆ ಕೇಳಿದವರಿಗೆ ನಾನು ಫೋನ್ ತೆಗೆದು ಅದನ್ನೇ ತೋರಿಸುತ್ತೇನೆ, ಕುಳಿತಲ್ಲಿಂದಲೇ ಕ್ಲಾಸ್ ನಡೆಸುತ್ತಿರುವ ಆ ಬಿಳಿ ಗುಂಗುರು ಕೂದಲಿನ ಮೇಷ್ಟ್ರನ್ನು.