ಇಬ್ಬರು ಊಳಿಗದವರು: ನಾರಾ ರಾಣಿಯ ಲೆಕ್ಕ

ಚೀನಾವನ್ನು ಆಳಿದ ಚಿಂಗ್ ರಾಜವಂಶದ ಅರಮನೆಯ ರಾಣಿವಾಸದ ಬಗ್ಗೆ ಓದುವಾಗ ಕಥೆಗಿಂತ ಮೊದಲು ಲೆಕ್ಕ ನೋಡಬೇಕು. ವರ್ಷಕ್ಕೆ ಎಷ್ಟು ಬೆಳ್ಳಿ, ಎಷ್ಟು ಮಂದಿ ಊಳಿಗದವರು ಎಂಬುದು ಗೊತ್ತಾದರೆ ಒಬ್ಬ ರಾಣಿ ಯಾವ ಮೆಟ್ಟಿಲಲ್ಲಿದ್ದಳೆಂದು ಹೇಳಿಬಿಡಬಹುದು. ಚಿಯೆನ್‌ಲುಂಗ್ ಚಕ್ರವರ್ತಿಯ ಎರಡನೇ ಪಟ್ಟದರಸಿ, ನಾರಾ ಕುಲದ ಮಂಚು (ಚಿಂಗ್ ಅರಸರದೇ ಜನಾಂಗ) ಹೆಣ್ಣುಮಗಳ ವಿಷಯದಲ್ಲಂತೂ ಈ ಲೆಕ್ಕವೇ ದೊಡ್ಡ ಸಾಕ್ಷಿ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ದಾಯಿಂಗ್: 30 ಲಿಯಾಂಗ್ ಬೆಳ್ಳಿ, ಇಬ್ಬರು ಊಳಿಗದವರು. ಒಂದು ಲಿಯಾಂಗ್ ಅಂದರೆ ಸುಮಾರು 37 ಗ್ರಾಂ. ಮೇಲಿನ ಮೆಟ್ಟಿಲುಗಳಲ್ಲಿ ಫೆಯ್‌ಗೆ 300 ಲಿಯಾಂಗ್, ಆರು ಮಂದಿ. ಗುಯಿಫೆಯ್‌ಗೆ 600, ಹುವಾಂಗ್‌ಗುಯಿಫೆಯ್‌ಗೆ 800. ಇಬ್ಬರಿಗೂ ಎಂಟೆಂಟು ಮಂದಿ. ಪಟ್ಟದರಸಿಗೆ 1000 ಲಿಯಾಂಗ್, ಹತ್ತು ಮಂದಿ. ಫೆಯ್ ಸ್ಥಾನ ನಾಲ್ಕು, ಗುಯಿಫೆಯ್ ಎರಡು, ಹುವಾಂಗ್‌ಗುಯಿಫೆಯ್ ಒಂದೇ. ಆ ಒಂದು ಸ್ಥಾನ ಪಟ್ಟದರಸಿಗೆ ತೀರಾ ಹತ್ತಿರದ್ದು, ಹಾಗಾಗಿ ಸಾಮಾನ್ಯವಾಗಿ ಖಾಲಿಯೇ ಇರುತ್ತಿತ್ತು.

ನಾರಾ ಹುಟ್ಟಿದ್ದು 1718ರಲ್ಲಿ. ಗಂಡ ಇನ್ನೂ ರಾಜಕುಮಾರನಾಗಿದ್ದಾಗ ಮಾವ ಯುಂಗ್‌ಚೆಂಗ್ ಚಕ್ರವರ್ತಿಯೇ ಅವಳನ್ನು ಉಪಪತ್ನಿಯಾಗಿ ಕೊಟ್ಟಿದ್ದ. 1737ರಲ್ಲಿ ಫೆಯ್, 1745ರಲ್ಲಿ ಗುಯಿಫೆಯ್. 1748ರಲ್ಲಿ ಮೊದಲ ಪಟ್ಟದರಸಿ ಫುಚಾ ಪ್ರವಾಸದ ದಾರಿಯಲ್ಲಿ ತೀರಿಕೊಂಡಳು. ಮರುಮದುವೆಯ ಮಾತು ತಕ್ಷಣ ಬರಲಿಲ್ಲ, 27 ತಿಂಗಳ ಸೂತಕ ಕಳೆಯಬೇಕಿತ್ತು. ಆದರೆ ರಾಣಿವಾಸಕ್ಕೆ ಯಜಮಾನಿ ಬೇಕಲ್ಲ! ರಾಜಮಾತೆಯ ಅಪ್ಪಣೆಯಂತೆ 1749ರಲ್ಲಿ ನಾರಾಳನ್ನು ಹುವಾಂಗ್‌ಗುಯಿಫೆಯ್ ಮಾಡಿ ಆಡಳಿತ ಒಪ್ಪಿಸಿದರು. ಪಟ್ಟ ಸಿಕ್ಕಿದ್ದು 1750ರ ಎಂಟನೇ ತಿಂಗಳ 2ರಂದು (ಇಲ್ಲಿನ ತಿಂಗಳುಗಳು ಚೀನಾದ ಚಾಂದ್ರಮಾನ ಪಂಚಾಂಗದವು). ಮುಂದೆ ಐದು ವರ್ಷಗಳಲ್ಲಿ ಮೂರು ಮಕ್ಕಳು. ಅವರಲ್ಲಿ ಬದುಕಿ ಉಳಿದವನು ಮಗ ಯುಂಗ್‌ಚಿ ಒಬ್ಬನೇ.

ಚಕ್ರವರ್ತಿಯ 1765ರ ದಕ್ಷಿಣ ಪ್ರವಾಸದ ತಾರೀಖಿನಲ್ಲಿ ಎಡವುವವರು ಬಹಳ. ಆ ವರ್ಷ ಎರಡನೇ ತಿಂಗಳಿಗೆ ಅಧಿಕ ಮಾಸ ಬಂದಿತ್ತು, ರಾಣಿಯ ಬಾಳು ತಿರುಗಿದ ಘಟನೆ ನಡೆದದ್ದು ಆ ಅಧಿಕ ತಿಂಗಳ 18ರಂದು, ಹಾಂಗ್‌ಝೌನಲ್ಲಿ. ಅದನ್ನು ಬಿಟ್ಟು ಎಣಿಸಿದರೆ ಮಾರ್ಚ್‌ಗೆ ಹೋಗುತ್ತದೆ, ಸರಿಯಾದದ್ದು ಏಪ್ರಿಲ್. ಅಂದು ಬೆಳಗಿನ ಊಟಕ್ಕೆ ಚಕ್ರವರ್ತಿ ತನ್ನ ತಟ್ಟೆಯಿಂದ ಕಳಿಸಿದ ಪದಾರ್ಥ ಪಡೆದವರಲ್ಲಿ ಪಟ್ಟದರಸಿಯೂ ಇದ್ದಾಳೆ. ಸಂಜೆಯ ಪಟ್ಟಿಯಲ್ಲಿ ಇಲ್ಲ. ಅವಳನ್ನು ಬೀಜಿಂಗ್‌ಗೆ ವಾಪಸ್ ಕಳಿಸಲಾಗಿತ್ತು.

ಅವಳು ಕೂದಲು ಕತ್ತರಿಸಿಕೊಂಡಳೆಂದು ಚಕ್ರವರ್ತಿ ಆಮೇಲೆ 1778ರ ಆಜ್ಞೆಯಲ್ಲಿ ಹೇಳಿದ. ಮಂಚು ಪದ್ಧತಿಯಲ್ಲಿ ಹೆಂಗಸು ಕೂದಲು ಕತ್ತರಿಸುವುದು ಗಂಡ ಅಥವಾ ಅತ್ತೆ ಸತ್ತಾಗ. ಇಲ್ಲಿ ಇಬ್ಬರೂ ಬದುಕಿದ್ದರು, ಇಬ್ಬರೂ ಅದೇ ಪ್ರವಾಸದಲ್ಲಿದ್ದರು. ಇದನ್ನು ಧಾರಾವಾಹಿಗಳು ಬರೀ ಸವತಿಮತ್ಸರ ಮಾಡಿ ಮುಗಿಸುತ್ತವೆ. ಆಸ್ಥಾನದ ಕಣ್ಣಿಗೆ ಅದು ಗಂಡನಿಗೂ ಅತ್ತೆಗೂ ಸಾವು ಕೋರಿದಂತೆ.

ಐದನೇ ತಿಂಗಳಲ್ಲಿ ಅವಳ ನಾಲ್ಕು ಪಟ್ಟಗಳ ಪತ್ರಗಳನ್ನೂ ವಾಪಸ್ ಪಡೆದರು: ಪಟ್ಟದರಸಿ, ಹುವಾಂಗ್‌ಗುಯಿಫೆಯ್, ಗುಯಿಫೆಯ್, ಫೆಯ್. ಪದಚ್ಯುತಿಯ ಘೋಷಣೆ ಮಾತ್ರ ಇಲ್ಲ. ಹೆಸರಿಗೆ ಪಟ್ಟದರಸಿ, ಊಳಿಗಕ್ಕೆ ಇಬ್ಬರು. ಮೇಲಿನ ಲೆಕ್ಕ ನೋಡಿ, ಅದು ದಾಯಿಂಗ್‌ನ ಪಾಲು.

1766ರ ಏಳನೇ ತಿಂಗಳ 14ರಂದು ಅವಳು ಸತ್ತಾಗ ಗಂಡ ಬೇಟೆಯ ಪ್ರವಾಸ ಬಿಟ್ಟು ಬರಲಿಲ್ಲ. ಅಂತ್ಯಕ್ರಿಯೆಗೆ ಹುವಾಂಗ್‌ಗುಯಿಫೆಯ್ ಮರ್ಯಾದೆ ಸಾಕು ಎಂದು ಹೇಳಿ ಕಳಿಸಿದ, ಅದೂ ಪೂರ್ತಿ ನಡೆಯಲಿಲ್ಲ. ಖರ್ಚು 207 ಲಿಯಾಂಗ್ ಚಿಲ್ಲರೆ. ಇದನ್ನು ಆಕ್ಷೇಪಿಸಿದ ಅಧಿಕಾರಿ ಲಿ ಯುಮಿಂಗ್‌ನನ್ನು ಇಲಿ ಎಂಬ ದೂರದ ಪಶ್ಚಿಮ ಗಡಿಪ್ರದೇಶಕ್ಕೆ ಗಡೀಪಾರು ಮಾಡಿದರು. ಅವಳಿಗೆಂದು ಬೇರೆ ಗೋರಿ ಕಟ್ಟಲಿಲ್ಲ, ಚುನ್‌ಹುಯಿ ಎಂಬ ಸವತಿಯ ಗೋರಿಯೊಳಗೆ ಪಕ್ಕಕ್ಕಿಟ್ಟರು. ಮರಣೋತ್ತರ ಬಿರುದಿಲ್ಲ, ಪೂಜೆಗೆ ಹೆಸರಿನ ಫಲಕವಿಲ್ಲ. ಮಗ ಯುಂಗ್‌ಚಿ 1776ರಲ್ಲಿ ಯಾವ ಪದವಿಯೂ ಇಲ್ಲದೆ ಸತ್ತ. ಬೆಯ್‌ಲೆ ಎಂಬ ರಾಜಕುಮಾರರ ಪದವಿ ಅವನಿಗೆ ಬಂದದ್ದು ಅಪ್ಪನೂ ಕಣ್ಮುಚ್ಚಿದ ಮೇಲೆ, 1799ರಲ್ಲಿ.