ಇ.ಸಿ. ಕ್ಲೀನ್ ಇತ್ತು, ಉತಾರದಲ್ಲಿ ಬೋಜಾ ಇತ್ತು

ನಮ್ಮ ಕಾಕಾ ಮುಳಗುಂದದ ಕಡೆ 2 ಎಕರೆ 10 ಗುಂಟೆ ಎರಿ ಹೊಲ ನೋಡಿದ್ದರು. ಭೂಮಿ ಚಲೋ ಇತ್ತು, ರೇಟೂ ಹೊಂದಿತ್ತು. ಏಜೆಂಟರು 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿಕೊಟ್ಟು, "ನೋಡ್ರಿ ಕಾಕಾರ, ಏನೂ ತಕರಾರಿಲ್ಲ, ಸಂಚಕಾರ ಕೊಟ್ಟುಬಿಡ್ರಿ" ಅಂದರು. ನಾನು ಅವತ್ತು ಹುಬ್ಬಳ್ಳಿಯಿಂದ ಹೋಗಿದ್ದೆ. ಕೊಡೋ ಮೊದಲು ಈ ವರ್ಷದ ಉತಾರ, ಅಂದರೆ ಪಹಣಿ, ಒಂದು ತೆಗೆಸೋಣ ಅಂದೆ.

ತೆಗೆಸಿದೆವು. 9ನೇ ಕಾಲಂನಲ್ಲಿ ಮಾರುವವರ ಹೆಸರು ಸರಿಯಾಗೇ ಇತ್ತು. 11ನೇ ಕಾಲಂನಲ್ಲಿ, ಋಣ ಅಂತ ಇರುವ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು: ವಾಣಿಜ್ಯ ತೆರಿಗೆ ಬಾಕಿ, ಒಂದು ಮೊತ್ತ, ಪಕ್ಕದಲ್ಲಿ ಎಂ.ಆರ್. ನಂಬರ್ (ಮ್ಯುಟೇಶನ್, ಅಂದರೆ ಭೂದಾಖಲೆ ಬದಲಾವಣೆಯ ನಂಬರ್). ಮಾರುವವರ ತಂದೆ ಹಿಂದೆ ಅಂಗಡಿ ನಡೆಸಿದ್ದರಂತೆ, ಆಗಿನ ಸೇಲ್ಸ್ ಟ್ಯಾಕ್ಸ್ ಉಳಿದಿತ್ತು. ಮಗನಿಗೂ ಪೂರ್ತಿ ಗೊತ್ತಿರಲಿಲ್ಲ.

ಬಹಳ ಜನ ಎಡವೋದು ಇಲ್ಲೇ. ಇ.ಸಿ.ಯಲ್ಲಿ ಕಾಣೋದು ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕಕ್ಕೆ ಬಂದದ್ದು ಮಾತ್ರ: ಖರೀದಿ, ಅಡಮಾನ, ದಾನಪತ್ರ, ಅಲ್ಲಿಗೆ ಕಳಿಸಿದ ಜಪ್ತಿ ಆದೇಶ. ಸರ್ಕಾರದ ಬಾಕಿ ಬರೋ ದಾರಿ ಬೇರೆ. ತೆರಿಗೆಯವರು ನೋಟಿಸ್ ಕೊಟ್ಟರೂ ಕಟ್ಟದಿದ್ದರೆ, ಅದನ್ನು ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡೋಕೆ ಕಂದಾಯ ಇಲಾಖೆಗೆ ಬರೆಯಬಹುದು, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 190ನೇ ಕಲಂ ಅದಕ್ಕೇ ಇದೆ. ತಹಶೀಲ್ದಾರ್ ಕಚೇರಿಯಲ್ಲಿ ಆದೇಶವಾಗಿ, ಮ್ಯುಟೇಶನ್ ಆಗಿ, 'ಭೂಮಿ' ಅನ್ನೋ ಸರ್ಕಾರದ ಭೂದಾಖಲೆ ತಂತ್ರಾಂಶದಿಂದ ಉತಾರಕ್ಕೆ ಏರುತ್ತದೆ. ನಮ್ಮ ಕಡೆ ಇದಕ್ಕೆ ಬೋಜಾ ಕೂರಿಸೋದು ಅಂತಾರೆ. ನಿಜವಾಗಿಯೂ ಅದು ಭಾರವೇ, ಮಾಲೀಕ ಬದಲಾದರೂ ಹೊಲದ ಮೇಲೇ ಕೂತಿರುತ್ತದೆ.

ಊರೊಳಗಿನ ಪ್ಲಾಟು, ಮನೆಗೆ ಉತಾರದ ಮಾತು ಸಾಲದು. ಪಾಲಿಕೆಯ ಆಸ್ತಿ ತೆರಿಗೆಯ ಇತ್ತೀಚಿನ ಪಾವತಿ ನೋಡಿ, ಬಾಕಿ ಇಲ್ಲ ಅಂತ ಬರಹದಲ್ಲಿ ತಗೊಳ್ಳಿ.

"ನನಗೆ ಗೊತ್ತಿರಲಿಲ್ಲ" ಅಂದರೆ ಕೋರ್ಟು ಬಿಡುತ್ತದೆ ಅಂತ ಕೆಲವರು ಹೇಳ್ತಾರೆ. ಅದು ಅರ್ಧ ನಿಜ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಂ, ಬೋಜಾ ಇದೆ ಅಂತ ತಿಳಿಯದೆ ದುಡ್ಡು ಕೊಟ್ಟು ಕೊಂಡವರಿಗೆ ರಕ್ಷಣೆ ಕೊಡುತ್ತದೆ. 1971ರಲ್ಲಿ ಅಹಮದಾಬಾದ್ ಪಾಲಿಕೆಯ ತೆರಿಗೆ ಬಾಕಿಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಂಡವರ ಪರವಾಗಿಯೇ ತೀರ್ಪು ಕೊಟ್ಟಿತ್ತು. ಆದರೆ ಯಾರು ಬೇಕಾದರೂ ತೆಗೆಸಿ ನೋಡಬಹುದಾದ ಉತಾರದಲ್ಲೇ ಬರೆದಿದ್ದಾಗ, ನೋಡಲಿಲ್ಲ ಅನ್ನೋ ಮಾತಿಗೆ ಎಷ್ಟು ಬೆಲೆ ಸಿಗುತ್ತದೆ? ಆ ಭರವಸೆಯ ಮೇಲೆ ಹೊಲ ತಗೋಬೇಡಿ.

ಇನ್ನೊಂದು ಮಾತು, ಇದು ನಮಗೆ ಎರಡು ತಿಂಗಳು ತಿಂದದ್ದು. ದುಡ್ಡು ಕಟ್ಟಿದ ಕೂಡಲೇ ಬೋಜಾ ತಾನಾಗೇ ಇಳಿಯೋದಿಲ್ಲ. ಉತಾರದಲ್ಲಿರೋದು ಹಳೇ ಮೊತ್ತ, ಬಡ್ಡಿ ಸೇರಿ ಇವತ್ತು ಎಷ್ಟಾಗಿದೆ ಅಂತ ಇಲಾಖೆಯಿಂದಲೇ ಬರೆಸಿಕೊಂಡೆವು. ವ್ಯವಹಾರದ ದುಡ್ಡಿನಲ್ಲೇ ಅಷ್ಟನ್ನು ಮುರಿದು, ಮಾರುವವರ ಕೈಗೆ ಕೊಡದೆ, ಅವರ ಜೊತೆಗೇ ಹೋಗಿ ಚಲನ್ ಕಟ್ಟಿದೆವು. ಆಮೇಲೆ ಬೇಬಾಕಿ ಪತ್ರ, ಅಂದರೆ ಬಾಕಿ ಇಲ್ಲ ಅನ್ನೋ ಪತ್ರ, ಬರಬೇಕು, ಅದರ ಜೊತೆ ಬೋಜಾ ಕಡಿಮೆ ಮಾಡೋಕೆ ಅರ್ಜಿ ಹಾಕಬೇಕು, ಮತ್ತೆ ಒಂದು ಮ್ಯುಟೇಶನ್. ಪತ್ರ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗೋದೇ ತಡ, ಅರ್ಜಿಯ ಸ್ವೀಕೃತಿ ಇಟ್ಟುಕೊಂಡು ವಾರಕ್ಕೊಮ್ಮೆ ಕೇಳ್ತಾ ಇರಬೇಕಾಯಿತು.

ಹೊಸ ಉತಾರ ಬಂದ ದಿನ ಕಾಕಾ ಕನ್ನಡಕ ಹಾಕಿಕೊಂಡು ನೆಟ್ಟಗೆ 11ನೇ ಕಾಲಂಗೇ ಬೆರಳಿಟ್ಟರು. ಖಾಲಿ ಇತ್ತು. ಮರುವಾರ ಖರೀದಿ ಆಯಿತು, ಮುಂಗಾರಿಗೆ ಹೆಸರುಕಾಳು ಬಿತ್ತಿದರು.